ಇಬ್ಬರ ಭಾರಕ್ಕೆ ಕಟ್ಟಿದ ಚಕ್ರ

ಅಣ್ಣ ಲಿಫ್ಟ್ ರಿಪೇರಿಯವನು. ಎರಡು ವರ್ಷದ ಹಿಂದೆ ಒಂದು ಆಫೀಸಿನ ಕಟ್ಟಡದಲ್ಲಿ ಲಿಫ್ಟಿನ ಬಾವಿಯೊಳಗೆ ಎರಡು ಅಂತಸ್ತು ಬಿದ್ದು, ಜೀವ ಉಳಿಸಿಕೊಂಡು, ಸೊಂಟದಿಂದ ಕೆಳಗಿನದನ್ನೆಲ್ಲ ಅಲ್ಲೇ ಬಿಟ್ಟು ಬಂದಿದ್ದ. ಹಾಗಂತ, ಸ್ವಾಧೀನ ತಪ್ಪಿದ ಕಾಲುಗಳನ್ನು ತೋರಿಸಿ, ಅವನೇ ಹೇಳುತ್ತಿದ್ದ. ಯಾರಾದರೂ ಮುಖ ಸಣ್ಣಗೆ ಮಾಡಿಕೊಂಡು ನೋಡಲು ಬಂದರೆ, "ಕಾಲು ಇನ್ನೂ ಆಫೀಸಲ್ಲೇ ಇದೆ, ಡ್ಯೂಟಿ ಮುಗಿದಿಲ್ಲ" ಎಂದು ಗಾಲಿಕುರ್ಚಿ ತಿರುಗಿಸಿಕೊಂಡು ಒಳಗೆ ಹೋಗುತ್ತಿದ್ದ.

ಬೀಳುವ ಮುಂಚೆ ಅವನು ಸೈಕಲ್ ರೇಸಿನವನೂ ಆಗಿದ್ದ. ತಂಗಿಗೆ ಸೈಕಲ್ ಹಿಡಿಸಿದ್ದು ಅವನೇ. ಭಾನುವಾರ ಬೆಳಿಗ್ಗೆ ಇಬ್ಬರೂ ಒಬ್ಬರ ಹಿಂದೆ ಒಬ್ಬರು ಕೆರೆಯ ಏರಿ ರಸ್ತೆ ಹಿಡಿದು ಬೆಟ್ಟದ ಬುಡದವರೆಗೆ ಹೋಗಿ ಬರುತ್ತಿದ್ದರು. ಮುಂದೆ ಹೋಗುವವರು ಗಾಳಿ ಸೀಳಬೇಕು, ಗುಂಡಿ ಕಂಡರೆ ಕೈ ತೋರಿಸಿ ಕೂಗಬೇಕು. ಹಿಂದಿನವರು ಆ ಮರೆಯಲ್ಲಿ ಅರ್ಧ ತುಳಿದು ಅರ್ಧ ಸುಮ್ಮನೆ ಕೂತು ಬರಬಹುದು. ಯಾವಾಗಲೂ ಮುಂದೆ ಇರುತ್ತಿದ್ದವನು ಅಣ್ಣ.

ತಂಗಿ ಕಿವಿ ಪರೀಕ್ಷೆ ಮಾಡುವವಳು. ಶ್ರವಣಯಂತ್ರ ಮಾರುವ ಅಂಗಡಿಯೊಂದರಲ್ಲಿ, ಒಳಗೆಲ್ಲ ಸ್ಪಂಜು ಹೊಡೆದ ಸಣ್ಣ ಕೋಣೆಯ ಹೊರಗೆ ಕೂತು, ಒಳಗಿರುವವರ ಕಿವಿಗೆ ಸಣ್ಣ ಸಣ್ಣ ಶಬ್ದ ಕಳಿಸಿ, ಕೇಳಿಸಿತಾ ಇಲ್ಲವಾ ಎಂದು ಗುರುತು ಹಾಕಿಕೊಳ್ಳುವ ಕೆಲಸ. ಮನೆಯಲ್ಲಿ ಅಣ್ಣ ಅವಳನ್ನು ಕರೆಯುತ್ತಿದ್ದದ್ದೇ "ಕಿವಿ ಡಾಕ್ಟ್ರೇ" ಎಂದು.

ಆ ವರ್ಷ ಅವಳು ಬೆಟ್ಟದ ರೇಸಿಗೆ ಹೆಸರು ಕೊಟ್ಟಳು. ಅವಳ ಸೈಕಲ್ಲಿನ ಹಳೆಯ ಅಲ್ಯೂಮಿನಿಯಂ ಚಕ್ರಗಳನ್ನು ಅಣ್ಣ ಒಂದು ದಿನ ತೊಡೆಯ ಮೇಲಿಟ್ಟುಕೊಂಡು ತೂಗಿ ನೋಡಿ, "ಇದನ್ನ ಹತ್ತಿಸೋದೂ ಒಂದೇ, ಬೀಸುವ ಕಲ್ಲು ಹತ್ತಿಸೋದೂ ಒಂದೇ" ಅಂದ. ಕಾರ್ಬನ್ ಚಕ್ರ ಬೇಕಿತ್ತು. ಪೇಟೆಯ ಅಂಗಡಿಯಲ್ಲಿ ಅದರ ಬೆಲೆ ಕೇಳಿದವರು ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಣ್ಣ ಮೂರು ವಾರ ಕಂಪ್ಯೂಟರಿನ ಮುಂದೆ ಅಂಟಿಕೊಂಡು ಕೂತ. ಸಮುದ್ರದಾಚೆಯಿಂದ ನೇರವಾಗಿ ಮಾರುವವರು ಯಾರು, ಯಾರ ರಿಮ್ಮು ಎಷ್ಟು ಸಾವಿರ ಕಿಲೋಮೀಟರ್ ಬಾಳಿತು, ಯಾರದ್ದು ಬ್ರೇಕಿನ ಕಾವಿಗೆ ಉಬ್ಬಿ ಸೀಳಿತು, ಎಲ್ಲ ಓದಿ, ಕೊನೆಗೆ ಕಾಲು ಭಾಗ ಬೆಲೆಗೆ ಕೊಡುವ ಒಂದು ಸಣ್ಣ ಅಂಗಡಿಯನ್ನು ಆರಿಸಿದ.

ಅಮ್ಮನಿಗೆ ಇದು ಒಂಚೂರೂ ಹಿಡಿಸಲಿಲ್ಲ. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದಳು: "ಮುಖ ನೋಡಿಲ್ಲ, ಮಾತಾಡಿಲ್ಲ. ಅವರು ಕಳಿಸಿದ ಚಕ್ರದ ಮೇಲೆ ನನ್ನ ಮಗಳನ್ನ ಕೂರಿಸ್ತೀಯಾ?"

"ಮಾತಾಡ್ತಾ ಇದೀನಲ್ಲಮ್ಮ, ದಿನಾ ಬರೀತಾಳೆ ಪಾಪ."

ಬರೆಯುತ್ತಿದ್ದದ್ದು ಅಂಗಡಿಯ ಹೆಂಗಸು. ಅಣ್ಣ ಅವಳಿಗೆ ಚಕ್ರದಮ್ಮ ಎಂದು ಹೆಸರಿಟ್ಟಿದ್ದ. ಯಂತ್ರ ಅನುವಾದ ಮಾಡಿದ ಅವಳ ಮಾತುಗಳನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸುತ್ತಿದ್ದ. "ಪ್ರಿಯ ಗೆಳೆಯ, ನಿಮ್ಮ ಚಕ್ರಗಳು ಇಂದು ಒಲೆಯಿಂದ ಹೊರಬಂದು ಉಸಿರಾಡುತ್ತಿವೆ." "ಪ್ರಿಯ ಗೆಳೆಯ, ನಮ್ಮ ಮುದುಕರು ಕಡ್ಡಿ ಕಟ್ಟುತ್ತಿದ್ದಾರೆ, ಅವಸರ ಮಾಡಬೇಡಿ."

ನಲವತ್ತು ದಿನಕ್ಕೆ ಪೆಟ್ಟಿಗೆ ಬಂತು. ಕಪ್ಪು ಚಕ್ರಗಳು ಎಷ್ಟು ಹಗುರವಾಗಿದ್ದವೆಂದರೆ ಅಮ್ಮ ಕೂಡ ಒಂದು ಬೆರಳಿನಲ್ಲಿ ಎತ್ತಿ ನೋಡಿ ಇಟ್ಟಳು. ಪೆಟ್ಟಿಗೆಯ ತಳದಲ್ಲಿ ಒಂದು ದಪ್ಪ ಕಾಗದವಿತ್ತು. ಪ್ರತಿಯೊಂದು ಕಡ್ಡಿಯ ಬಿಗಿ ಎಷ್ಟೆಂದು ಯಾರೋ ನಡುಗುವ ಕೈಯಲ್ಲಿ ಅಂಕಿಗಳನ್ನು ಬರೆದಿದ್ದರು. ಮೇಲ್ಗಡೆ, ಸವಾರರ ತೂಕ ಎಂಬಲ್ಲಿ, 54 + 61.

"ಐವತ್ನಾಲ್ಕು ನಾನು. ಈ ಅರವತ್ತೊಂದು ಯಾರು?" ತಂಗಿ ಕೇಳಿದಳು.

ಅಣ್ಣ ಕಾಗದ ತೆಗೆದುಕೊಂಡು ನೋಡಿದ. ಈಗ ಅವನ ತೂಕ ಐವತ್ತೂ ಇರಲಿಲ್ಲ. "ರೇಸ್ ಓಡಿಸ್ತಿದ್ದಾಗ ನಾನು ಅರವತ್ತೊಂದಿದ್ದೆ" ಅಂದ.

"ನೀನೇ ಬರೆದಿದ್ದು ತಾನೇ?"

"ಇಲ್ಲ ಕಣೇ. 'ಯಾರು ಓಡಿಸ್ತಾರೆ' ಅಂತ ಕೇಳಿದ್ಲು. 'ನನ್ನ ತಂಗಿ. ಕಾಲಿದ್ದಿದ್ರೆ ನಾನೂ ಹಿಂದೆ ಇರ್ತಿದ್ದೆ' ಅಂತ ಬರೆದೆ. ಅಷ್ಟೇ. ತೂಕದ ಮಾತೇ ಎತ್ತಿಲ್ಲ."

ಹಳೆಯ ಸಂದೇಶಗಳನ್ನೆಲ್ಲ ತೆಗೆದು ತೋರಿಸಿದ. ಅವನು ಹೇಳಿದ್ದು ನಿಜವಿತ್ತು.

ಮೊದಲ ದಿನ ಬೆಳಿಗ್ಗೆ ಆರಕ್ಕೆ ತಂಗಿ ಹೊರಟಳು. ಏರಿ ರಸ್ತೆ ಖಾಲಿ ಇತ್ತು. ಸೈಕಲ್ಲು ನೀರಿನ ಮೇಲೆ ಹೋದ ಹಾಗೆ ಹೋಯಿತು. ಇಟ್ಟಿಗೆ ಕಾರ್ಖಾನೆ ದಾಟುವಾಗ ಬೆನ್ನ ಹಿಂದೆ ಟಿಕ್‌ಟಿಕ್‌ಟಿಕ್ ಎಂಬ ಸದ್ದು ಕೇಳಿತು. ಪೆಡಲು ನಿಲ್ಲಿಸಿ ಸುಮ್ಮನೆ ಕೂತಾಗ ಫ್ರೀವೀಲು ಮಾಡುವ ಸದ್ದು ಅದು. ತನ್ನದೇ ಹೊಸ ಚಕ್ರದ ನಡುವಿನ ಹಬ್ಬಿನ ಸದ್ದೆಂದು ಅಂದುಕೊಂಡಳು. ಹತ್ತು ಮಾರು ಹೋದ ಮೇಲೆ ಹೊಳೆಯಿತು. ಅವಳು ತುಳಿಯುತ್ತಲೇ ಇದ್ದಳು. ತುಳಿಯುತ್ತಿರುವವರ ಚಕ್ರ ಸದ್ದು ಮಾಡುವುದಿಲ್ಲ.

ತಿರುಗಿ ನೋಡಿದಳು. ಯಾರೂ ಇಲ್ಲ. ಸದ್ದು ನಿಂತಿತು. ಮುಂದೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಒಂದು ಗಾಲಿಯಷ್ಟು ಹಿಂದೆ, ಸರಿಯಾಗಿ ಅವಳ ಗಾಳಿಮರೆಯಲ್ಲಿ. ಒಂದಷ್ಟು ತುಳಿದು, ಒಂದಷ್ಟು ಸುಮ್ಮನೆ ಕೂತು ಬರುವವರ ಸದ್ದು.

ಮನೆಗೆ ಬಂದಾಗ ಅಣ್ಣ ಕಿಟಕಿಯ ಪಕ್ಕ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ. ಅವಳು ಹೆಲ್ಮೆಟ್ ತೆಗೆದಿಡುವಷ್ಟರಲ್ಲಿ ಕಣ್ಣು ಬಿಟ್ಟ. ಅವನ ಅಂಗಿ ಬೆವತು ಬೆನ್ನಿಗೆ ಅಂಟಿಕೊಂಡಿತ್ತು.

"ರೈಲ್ವೆ ಗೇಟಿನ ಹತ್ರ ಹೊಸ ಗುಂಡಿ ಬಿದ್ದಿದೆ ನೋಡು" ಅಂದ. "ನೀನು ಕೈ ತೋರಿಸ್ಲೇ ಇಲ್ಲ."



ಆ ದಿನ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವವಳನ್ನು ಹೊರಗೆ ಕೂರಿಸಿ, ತಾನೇ ಸ್ಪಂಜಿನ ಕೋಣೆಯೊಳಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡಳು. ಎರಡೂ ಕಿವಿ ಚೆನ್ನಾಗಿದ್ದವು. "ನಿನಗೇನಾಗಿದೆ, ಬಾವಲಿ ಕಿವಿ ನಿಂದು" ಎಂದು ಜೊತೆಯವಳು ನಕ್ಕಳು.

ಎರಡು ವಾರ ಹೀಗೇ ನಡೆಯಿತು. ಅವಳು ಮೆಟ್ಟಿಲಿಳಿದು ಸೈಕಲ್ ಹತ್ತುತ್ತಿದ್ದಂತೆ ಮೂರನೇ ಮಹಡಿಯ ಮನೆಯಲ್ಲಿ ಅಣ್ಣನ ತಲೆ ವಾಲುತ್ತಿತ್ತು. ಅಮ್ಮ ಕೂಗಿದರೂ, ಅಲುಗಾಡಿಸಿದರೂ ಎಚ್ಚರವಾಗುತ್ತಿರಲಿಲ್ಲ. ಅವಳು ವಾಪಸು ಬಂದು ಬಾಗಿಲು ತೆಗೆದರೆ ಕಣ್ಣು ಬಿಡುತ್ತಿದ್ದ. ಎರಡು ವರ್ಷದಿಂದ ತಣ್ಣಗಿದ್ದ ಅವನ ಮೀನಖಂಡಗಳು ಆಗ ಬೆಚ್ಚಗಿರುತ್ತಿದ್ದವು. ಅಮ್ಮ ಅದನ್ನು ಎಣ್ಣೆ ತಿಕ್ಕುವಾಗ ಕಂಡುಹಿಡಿದಳು. ಕಂಡುಹಿಡಿದು, ಕೈ ಎತ್ತಿಕೊಂಡು, ಮಗನ ಮುಖ ನೋಡಿದಳು.

"ಏನೋ ಇದು?"

"ಗೊತ್ತಿಲ್ಲಮ್ಮ. ಕನಸಲ್ಲಿ ಇವಳ ಹಿಂದೆ ಹೋಗ್ತಾ ಇರ್ತೀನಿ. ಅಷ್ಟೇ. ಮುಖಕ್ಕೆ ಗಾಳಿ ಹೊಡೆಯುತ್ತೆ."

"ನಿಲ್ಲಿಸಿಬಿಡಿ. ನನಗೆ ಇದು ಸರಿ ಕಾಣ್ತಿಲ್ಲ."

"ರೇಸು ಮುಗೀಲಿ" ಅಂದ ಅಣ್ಣ. ಅವನು ಏನನ್ನಾದರೂ ಹಾಗೆ ಬೇಡಿಕೊಂಡು ಎಷ್ಟೋ ದಿನವಾಗಿತ್ತು. ಅಮ್ಮ ಮತ್ತೆ ಎಣ್ಣೆ ತಿಕ್ಕತೊಡಗಿದಳು.

ತಂಗಿಗೆ ಭಯ ಹೋಗಿರಲಿಲ್ಲ, ಆದರೆ ರೂಢಿಯಾಗಿತ್ತು. ಗುಂಡಿ ಕಂಡರೆ ಕೈ ತೋರಿಸುತ್ತಿದ್ದಳು. ಲಾರಿ ಬಂದರೆ "ಹಿಂದೆ ಲಾರಿ" ಎಂದು ಕೂಗುತ್ತಿದ್ದಳು. ದಾರಿಯಲ್ಲಿ ನೋಡಿದವರು ಹುಡುಗಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ರೇಸಿನ ದಿನ ಬೆಳಿಗ್ಗೆ ಎಂಟಕ್ಕೆ ಬೆಟ್ಟದ ಬುಡದಿಂದ ಅರವತ್ತು ಜನ ಹೊರಟರು. ಅಷ್ಟು ಜನರ ನಡುವೆಯೂ ಅವಳು ತನ್ನ ಹಿಂದಿನ ಸದ್ದನ್ನು ಗುರುತಿಸಬಲ್ಲವಳಾಗಿದ್ದಳು. ಏರುವಾಗ ಯಾರೂ ಸುಮ್ಮನೆ ಕೂರುವುದಿಲ್ಲ, ಹಾಗಾಗಿ ಅದು ಬಹಳ ಹೊತ್ತು ಕೇಳಲಿಲ್ಲ. ಮೊದಲ ತಿರುವಿನಲ್ಲಿ ರಸ್ತೆ ಸ್ವಲ್ಪ ಸಮತಟ್ಟಾದಾಗ ಬಂತು, ಆದರೆ ದೂರದಿಂದ. ಎರಡನೇ ತಿರುವಿನಲ್ಲಿ ಇನ್ನೂ ದೂರ, ಕೈಗಡಿಯಾರವನ್ನು ಪಕ್ಕದ ಕೋಣೆಯಲ್ಲಿಟ್ಟ ಹಾಗೆ. ಮುಂದೆ ಒಬ್ಬಳೇ ಇದ್ದಳು. ಅವಳು ಒಂದು ಕ್ಷಣ ಕಾಲು ಸಡಿಲ ಬಿಟ್ಟಳು. ಆ ಕ್ಷಣದಲ್ಲೇ ಹಳದಿ ಅಂಗಿಯ ಒಬ್ಬಳು ಅವಳನ್ನು ದಾಟಿ ಹೋದಳು.

ಆಮೇಲೆ ಅವಳು ಎಷ್ಟೋ ಸಲ ಈ ಕ್ಷಣವನ್ನು ನೆನೆದು ನರಳಿದ್ದುಂಟು. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿಕೊಳ್ಳಲು ಅವಳಿಗೆ ದಾರಿಯೇ ಇರಲಿಲ್ಲ. ಕೇಳಿಸಿತ್ತು. ಕೇಳಿಸಿಯೂ ಅವಳು ಎದ್ದು ನಿಂತು ತುಳಿದಳು, ಹಳದಿ ಅಂಗಿಯನ್ನು ಹಿಂದೆ ಹಾಕಿದಳು. ಮೂರನೇ ತಿರುವಿನಲ್ಲಿ ಹಿಂದೆ ಏನೂ ಇರಲಿಲ್ಲ.

ಎರಡನೆಯವಳಾಗಿ ತುದಿ ಮುಟ್ಟಿದಳು. ಯಾರೋ ಬೆನ್ನು ತಟ್ಟಿದರು, ಯಾರೋ ನೀರು ಕೊಟ್ಟರು. ಫೋನು ತೆಗೆದರೆ ಅಮ್ಮನ ಏಳು ಕರೆಗಳು.

"ಅವನ ಕೈ ಕಾಲೆಲ್ಲ ತಣ್ಣಗಾಗಿದೆ ಕಣೇ" ಅಂದಳು ಅಮ್ಮ. "ಪಕ್ಕದ ಮನೆ ನರ್ಸು ನಾಡಿ ಹಿಡಿದು ನೋಡಿದ್ಲು, ಸಿಕ್ತಾನೇ ಇಲ್ಲ ಅಂದ್ಲು, ಆಮೇಲೆ ಸಿಕ್ತು ಅಂದ್ಲು. ಆಂಬುಲೆನ್ಸಲ್ಲಿ ಆಸ್ಪತ್ರೆಗೆ ಹೋಗ್ತಾ ಇದೀವಿ. ಬೇಗ ಬಾ."

ರೇಸು ನಡೆಸುವ ಮೇಷ್ಟರು ಕಾರಿನ ಬಾಗಿಲು ತೆಗೆದೇಬಿಟ್ಟರು. "ಹತ್ತಮ್ಮ, ಅರ್ಧ ಗಂಟೇಲಿ ಬಿಡ್ತೀನಿ."

"ಬೇಡ ಸಾರ್. ನಾನು ಸೈಕಲ್ಲಲ್ಲೇ ಹೋಗ್ಬೇಕು."

"ಇಪ್ಪತ್ತೆರಡು ಕಿಲೋಮೀಟರ್ ಇದೆ! ಅಣ್ಣನಿಗೆ ಹುಷಾರಿಲ್ಲ ಅಂತೀಯ…"

ಅವಳು ಆಗಲೇ ಇಳಿಯುತ್ತಿದ್ದಳು.

ಇಳಿಜಾರಿನಲ್ಲಿ ಸುಮ್ಮನೆ ಕೂತರೆ ತನ್ನ ಚಕ್ರವೇ ಟಿಕ್‌ಗುಟ್ಟಿ ಬೇರೇನೂ ಕೇಳುವುದಿಲ್ಲ. ಹಾಗಾಗಿ ಎರಡೂ ಬ್ರೇಕು ಅರ್ಧ ಹಿಡಿದು, ಇಳಿಜಾರಿನಲ್ಲೂ ಒಂದೇ ಸಮ ತುಳಿಯುತ್ತ ಬಂದಳು. ಮೂರನೇ ತಿರುವು ಖಾಲಿ. ಎರಡನೆಯದರಲ್ಲಿ ನಿಂತಳು. ಒಂದು ಕಡೆ ಬಂಡೆ, ಒಂದು ಕಡೆ ಕಬ್ಬಿಣದ ತಡೆ, ಅದರಾಚೆ ಮಂಜು. ಹಿಂದುಳಿದ ರೇಸಿನವರು ಇನ್ನೂ ಏದುಸಿರು ಬಿಡುತ್ತ ಹತ್ತುತ್ತಿದ್ದರು. ಅವರೆಲ್ಲ ದಾಟಿ ಹೋಗುವವರೆಗೆ ಕಾದಳು.

"ಅಣ್ಣ" ಎಂದಳು. "ತಪ್ಪಾಯ್ತು ಕಣೋ. ಬಾ, ಮನೆಗೆ ಹೋಗೋಣ. ಮೆಲ್ಲಗೆ ಹೋಗ್ತೀನಿ."

ಏನೂ ಇಲ್ಲ. ಗಾಳಿ ಕೂಡ ಇಲ್ಲ. ಸೈಕಲ್ ಹತ್ತಿ ನಡೆಯುವಷ್ಟು ನಿಧಾನಕ್ಕೆ ತುಳಿಯತೊಡಗಿದಳು. ಮೊದಲ ತಿರುವು ಬರುವಷ್ಟರಲ್ಲಿ ಬೆನ್ನ ಹಿಂದೆ, ಬಹಳ ಸಣ್ಣಗೆ, ಒಂದು ಟಿಕ್. ತುಂಬಾ ಹೊತ್ತು ಬಿಟ್ಟು ಮತ್ತೊಂದು. ದಣಿದವರು ತೂಗಾಡಿಕೊಂಡು ಬರುವ ಹಾಗೆ.

ಆಮೇಲಿನ ದಾರಿಯುದ್ದಕ್ಕೂ ಅವಳು ಒಮ್ಮೆಯೂ ತುಳಿಯುವುದನ್ನು ನಿಲ್ಲಿಸಲಿಲ್ಲ, ಹಿಂದಿರುಗಿಯೂ ನೋಡಲಿಲ್ಲ. ಪ್ರತಿ ಗುಂಡಿಗೂ ಕೈ ತೋರಿಸಿದಳು. "ಎಡಕ್ಕೆ ಕಲ್ಲು." "ಮುಂದೆ ಎಮ್ಮೆ." "ಗೇಟು ಬಂತು, ಹಳಿ ಮೇಲೆ ನೇರ ಬಾ." ಪೇಟೆಯ ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ ನಿಲ್ಲಲೇಬೇಕಾಯಿತು. ನಿಂತ ಚಕ್ರ ಸದ್ದು ಮಾಡುವುದಿಲ್ಲ. ಆ ಒಂದೂವರೆ ನಿಮಿಷ ಬಸ್ಸು, ಸ್ಕೂಟರುಗಳ ನಡುವೆ ಅವಳು ಹಲ್ಲು ಕಚ್ಚಿಕೊಂಡು ನಿಂತಳು. ಹಸಿರು ಬಂತು. ಹತ್ತು ಮಾರು ಹೋದ ಮೇಲೆ, ಟಿಕ್.

ಆಸ್ಪತ್ರೆಯ ಬಾಗಿಲಲ್ಲಿ ವಾಚ್‌ಮನ್ ಕೈ ಅಡ್ಡ ಹಿಡಿದ. "ಸೈಕಲ್ ಒಳಗೆ ಬಿಡಲ್ಲಮ್ಮ. ಅಲ್ಲಿ ಸ್ಟ್ಯಾಂಡಿದೆ."

ಅವಳು ಅಲ್ಲೇ ಸೈಕಲ್ ತಲೆಕೆಳಗು ಮಾಡಿ, ಹಿಂದಿನ ಚಕ್ರ ಬಿಚ್ಚಿ, ಎದೆಗೆ ಅವಚಿಕೊಂಡಳು. "ಇದು ಸೈಕಲ್ ಅಲ್ಲ, ಚಕ್ರ. ಚಕ್ರ ಬಿಡಬಾರದು ಅಂತ ಎಲ್ಲಿ ಬರೆದಿದೆ?"

ವಾಚ್‌ಮನ್ ಬೋರ್ಡಿನ ಕಡೆ ನೋಡಿದ. ಬರೆದಿರಲಿಲ್ಲ.

ಎರಡನೇ ಮಹಡಿಯ ಉದ್ದನೆಯ ಕಾರಿಡಾರು. ಕೈಯಲ್ಲಿದ್ದ ಚಕ್ರ ತಿರುಗುತ್ತಿರಲಿಲ್ಲ. ಅವಳ ಬೂಟಿನ ಸದ್ದು ಬಿಟ್ಟರೆ ಬೇರೇನಿಲ್ಲ. ಅವನನ್ನು ಕರೆತಂದೆನೋ, ದಾರಿಯಲ್ಲೇ ಬಿಟ್ಟೆನೋ ಗೊತ್ತಾಗಲಿಲ್ಲ. ವಾರ್ಡಿನ ಬಾಗಿಲು ತಳ್ಳುವಾಗ, ಅಲುಗಾಡದೆ ಇದ್ದ ಹಬ್ಬು ಅವಳ ಅಂಗೈಯೊಳಗೆ ಒಂದೇ ಒಂದು ಸಲ ಟಿಕ್ ಎಂದಿತು.

ಅಮ್ಮ ಹಾಸಿಗೆಯ ಪಕ್ಕದಲ್ಲಿ ಎದ್ದು ನಿಂತಳು. ಅಣ್ಣ ಕಣ್ಣು ಬಿಟ್ಟು ಸುತ್ತ ನೋಡುತ್ತಿದ್ದ. ಡಾಕ್ಟರು ನಾಡಿ ನೋಡಿ, ಮತ್ತೊಮ್ಮೆ ನೋಡಿ, ಸಕ್ಕರೆ ಇಳಿದಿರಬೇಕು ಎಂದು ಏನೋ ಬರೆದುಕೊಂಡು ಹೋದರು.

ಅವರು ಹೋದ ಮೇಲೆ ಅಣ್ಣ ಮೆಲ್ಲಗೆ ಹೇಳಿದ. "ತಿರುವಲ್ಲಿ ನಿಂತಿದ್ದೆ. ನೀನು ಕಾಣಿಸ್ಲಿಲ್ಲ. ಕೆಳಗೆ ಹೋದ್ರೆ ಅದೇ ತಿರುವು, ಮೇಲೆ ಹೋದ್ರೂ ಅದೇ ತಿರುವು. ಎಷ್ಟು ಸಲ ಅಂತ ಲೆಕ್ಕ ತಪ್ಪಿತು. ಆಗ ಹೆದರಿಕೆ ಆಗ್ಲಿಲ್ಲ. ಆಮೇಲೆ ಅಮ್ಮನ ಮುಖ ನೆನಪು ಮಾಡ್ಕೊಳ್ಳೋಣ ಅಂತ ನೋಡಿದೆ. ಬರ್ಲಿಲ್ಲ. ಆಗ ಹೆದರಿದೆ."

ತಂಗಿ ಬಾಯಿ ತೆರೆದಳು. "ನಂಗೆ ಕೇಳಿಸ್ತು ಅಣ್ಣ. ನೀನು ಹಿಂದೆ ಬೀಳ್ತಿರೋದು ಕೇಳಿಸ್ತು. ಆದ್ರೂ ಹೋದೆ."

"ಗೊತ್ತು" ಅಂದ ಅವನು. "ರೇಸಲ್ಲಿ ನಾನಾಗಿದ್ರೂ ಹೋಗ್ತಿದ್ದೆ."

ಅಮ್ಮ ಇದ್ಯಾವುದನ್ನೂ ಕೇಳಿದಂತಿರಲಿಲ್ಲ. ಅವಳು ಒಂದೇ ಮಾತು ಹಿಡಿದುಕೊಂಡಿದ್ದಳು. "ನಿಂತಿದ್ದೆ ಅಂದ್ಯಲ್ಲ. ಕಾಲ ಮೇಲೇನಾ?"

"ಹೂಂ ಅಮ್ಮ. ಎರಡೂ ಕಾಲು ಊರಿಕೊಂಡು."

ಮನೆಗೆ ಬಂದ ದಿನವೇ ತಂಗಿ ಆ ಚಕ್ರಗಳನ್ನು ಬಿಚ್ಚಿ, ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದಳು. ಹಳೆಯ ಚಕ್ರ ಹಾಕಿಕೊಂಡು ಹೋದರೆ ಹಿಂದೆ ಯಾವ ಸದ್ದೂ ಬರಲಿಲ್ಲ. ಚಕ್ರದಮ್ಮನಿಗೆ ಒಂದು ಉದ್ದನೆಯ ಪತ್ರ ಬರೆದಳು, ಇದೇನು, ಇದನ್ನು ನಿಲ್ಲಿಸುವುದು ಹೇಗೆ ಎಂದು. ಮರುದಿನವೇ ಉತ್ತರ ಬಂತು: "ಪ್ರಿಯ ಗೆಳತಿ, ಚಿಂತೆ ಬೇಡ. ಚಕ್ರ ಗಟ್ಟಿ ಇದೆ, ಎರಡು ವರ್ಷ ಗ್ಯಾರಂಟಿ. ಹಿಂದೆ ಬರುವ ಸವಾರರು ಹೊಸಬರಾಗಿದ್ದರೆ ಮೊದಲಿಗೆ ನಿಧಾನ. ಆಮೇಲೆ ಅವರೇ ಕಲಿಯುತ್ತಾರೆ."

ಅಣ್ಣ ಜಗಳವಾಡಲಿಲ್ಲ. ಕಂಪ್ಯೂಟರ್ ತೆರೆಯುವುದನ್ನು ಬಿಟ್ಟ. ನೋಡಲು ಬಂದವರಿಗೆ ಡ್ಯೂಟಿಯ ಮಾತು ಹೇಳುವುದನ್ನೂ ಬಿಟ್ಟ. ಬೆಳಿಗ್ಗೆ ಆರಕ್ಕೆ ಎಚ್ಚರವಾಗಿ ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದ. ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ತಂಗಿ ಹಲ್ಲುಜ್ಜಿಕೊಂಡು ಬರುವಷ್ಟರಲ್ಲಿ ಅಮ್ಮ ಸ್ಟೂಲು ಹತ್ತಿ ಅಟ್ಟದಿಂದ ಚಕ್ರ ಇಳಿಸುತ್ತಿದ್ದಳು.

"ಒಂದೇ ಗಂಟೆ" ಅಂದಳು ಅಮ್ಮ, ಯಾರ ಮುಖವನ್ನೂ ನೋಡದೆ. "ಬೆಟ್ಟದ ಕಡೆ ಹೋಗೋ ಹಾಗಿಲ್ಲ. ನಾನು ಇವನ ಕೈ ಹಿಡ್ಕೊಂಡು ಇಲ್ಲೇ ಕೂತಿರ್ತೀನಿ. ಕೈ ತಣ್ಣಗಾದ್ರೆ ಫೋನ್ ಮಾಡ್ತೀನಿ, ಇದ್ದಲ್ಲಿಂದ ತಿರುಗಿ ಬರಬೇಕು."

ಕೈ ಒಂದು ದಿನವೂ ತಣ್ಣಗಾಗಲಿಲ್ಲ. ಏರಿ ರಸ್ತೆಯಲ್ಲಿ ಸದ್ದು ಮೊದಲಿನಂತೆ ಒಂದು ಗಾಲಿಯ ಅಂತರದಲ್ಲಿ ಬರುತ್ತಿತ್ತು. ಅಣ್ಣನಿಗೆ ಹಸಿವು ಹೆಚ್ಚಿತು. ತೂಕ ನೋಡಿದ ಡಾಕ್ಟರು ಹುಬ್ಬೇರಿಸಿದರು. ಅಲುಗಾಡದ ಕಾಲುಗಳಲ್ಲಿ ಮಾಂಸ ತುಂಬುತ್ತಿದ್ದದ್ದು ಅವರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆರನೇ ವಾರದಲ್ಲಿ ಒಂದು ದಿನ, ಇಟ್ಟಿಗೆ ಕಾರ್ಖಾನೆಯ ಹತ್ತಿರ, ಸದ್ದು ಅವಳ ಬೆನ್ನ ಹಿಂದಿನಿಂದ ಬಲಕ್ಕೆ ಸರಿಯಿತು. ಭುಜದ ಪಕ್ಕಕ್ಕೆ ಬಂತು. ಮೊಣಕೈಗೆ ಗಾಳಿ ತಾಕಿತು. ಮುಂದಕ್ಕೆ ಹೋಯಿತು, ನಿಂತಿತು.

ತುಳಿಯಲು ಶುರು ಮಾಡಿದ್ದ. ತುಳಿಯುವವನು ಎಲ್ಲಿದ್ದಾನೆಂದು ತಿಳಿಯುವ ದಾರಿಯೇ ಇರಲಿಲ್ಲ.

"ಅಣ್ಣ!" ಎಂದು ಕೂಗಿದಳು. ಬೋಳು ರಸ್ತೆ, ನೇರಕ್ಕೆ, ಬೆಳಕು. ಅವಳು ಮನೆಯ ಕಡೆ ತಿರುಗಿಸಿ ಎದೆ ಒಡೆಯುವ ಹಾಗೆ ತುಳಿದಳು, ಲಿಫ್ಟಿಗೆ ಕಾಯದೆ ಮೂರು ಮಹಡಿ ಓಡಿದಳು. ಅಣ್ಣ ಟವೆಲಿನಲ್ಲಿ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ಅವನು ಎದ್ದು ಹತ್ತು ನಿಮಿಷ ಆಯ್ತು" ಅಂದಳು ಅಮ್ಮ. "ನೀನ್ಯಾಕೆ ಇಷ್ಟು ತಡ?"

ಮರುದಿನ ತಂಗಿ ಹೊರಡಲಿಲ್ಲ. ಧೈರ್ಯವಾಗಲಿಲ್ಲ. ಹೊದ್ದು ಮಲಗಿದವಳಿಗೆ ಎಚ್ಚರವಾದಾಗ ಆರೂವರೆ. ಹೊರಗಿನ ಕೋಣೆಗೆ ಬಂದಳು. ಸೈಕಲ್ಲು ಗೋಡೆಗೆ ಒರಗಿ ಇದ್ದಲ್ಲೇ ಇತ್ತು. ಅಣ್ಣನ ತಲೆ ವಾಲಿತ್ತು. ಅಮ್ಮ ಒಂದು ಕೈಯಲ್ಲಿ ಅವನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಬಿಚ್ಚಿದ ಹೊಲಿಗೆಯ ದಾರ ಎಳೆಯುತ್ತ ಕೂತಿದ್ದಳು.

"ಶ್" ಅಂದಳು ಅಮ್ಮ. "ಒಬ್ಬನೇ ಹೋಗಿದಾನೆ. ಏಳೂವರೆಗೆ ಬರ್ತೀನಿ ಅಂದ."

"ಎಲ್ಲಿಗೆ ಅಂದ?"

"ಕೇಳ್ಲಿಲ್ಲ. ಅವನ ವಯಸ್ಸಿನವರನ್ನ ಯಾರಾದ್ರೂ ಹಾಗೆ ಕೇಳ್ತಾರೇನೆ?"

ತಂಗಿ ಹೋಗಿ ಅಣ್ಣನ ಇನ್ನೊಂದು ಕೈ ಹಿಡಿದುಕೊಂಡು ಕೂತಳು. ಬೆಚ್ಚಗಿತ್ತು. ಅಂಗೈಯಲ್ಲಿ ಸೈಕಲ್ ಹಿಡಿಕೆಗೆ ಸುತ್ತಿದ ಪಟ್ಟಿಯ ಗೆರೆಗಳು ಒಂದೊಂದಾಗಿ ಮೂಡುತ್ತಿದ್ದವು. ಏಳೂವರೆ ಆಯಿತು. ಎಂಟಕ್ಕೆ ಹತ್ತು ನಿಮಿಷ ಉಳಿಯಿತು. ಎಂಟಕ್ಕೆ ಐದು ನಿಮಿಷವಿರುವಾಗ ಅಣ್ಣ ಉದ್ದನೆಯ ಉಸಿರು ತೆಗೆದುಕೊಂಡು ಕಣ್ಣು ಬಿಟ್ಟ, ಇಬ್ಬರ ಮುಖವನ್ನೂ ಗುರುತು ಹಿಡಿಯುವವನಂತೆ ಒಂದಾದ ಮೇಲೊಂದು ನೋಡಿ, ಕುಡಿಯಲು ನೀರು ಕೇಳಿದ.